ತಿರುಳಿನ ಸ್ವರೂಪ ಕುರಿತ ಒಂದು ವಾದ: 1992ರ ಮಿನಿಕ್ಸ್–ಲಿನಕ್ಸ್ ವಿವಾದದ ಮರುಪರಿಶೀಲನೆ

ಗಣಕಯಂತ್ರದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯನ್ನೋ ವ್ಯಾಪಾರ ಸಂಸ್ಥೆಗಳ ಏಳುಬೀಳುಗಳನ್ನೋ ಬರೆಯುತ್ತಾರೆ. ಯಂತ್ರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಹೇಗಿರಬೇಕೆಂಬ ಬಗ್ಗೆ ನಡೆದ ವಾದಗಳು ಅಡಿಟಿಪ್ಪಣಿಗಳಲ್ಲಿ ಉಳಿದುಬಿಡುತ್ತವೆ. ಅಂಥ ವಾದಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1992ರ ಜನವರಿ 29ರಂದು ಆರಂಭವಾಯಿತು. ಅಂದು ಆಮ್‌ಸ್ಟರ್‌ಡ್ಯಾಮಿನ ವ್ರೈಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನನ್‌ಬಾಮ್ ಅವರು ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹುಟ್ಟುವಾಗಲೇ ಹಳತಾಗಿದೆಯೆಂದು ಬಹಿರಂಗವಾಗಿ ಸಾರಿದರು. ಅದನ್ನು ಬರೆದ ಲೈನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿ ವಿಶ್ವವಿದ್ಯಾಲಯದ ಇಪ್ಪತ್ತೆರಡರ ಹರೆಯದ ವಿದ್ಯಾರ್ಥಿ. ಈ ವಾದದಲ್ಲಿ ಗೆದ್ದವರು ಯಾರೆಂಬ ಪ್ರಶ್ನೆಗೆ ರೂಢಿಯಲ್ಲಿರುವ ಉತ್ತರವನ್ನು ಮರುಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ವಾದದ ಹಿನ್ನೆಲೆ ತರಗತಿಯ ಕೋಣೆಯಲ್ಲಿದೆ. 1970ರ ದಶಕದಲ್ಲಿ ವಿಶ್ವವಿದ್ಯಾಲಯಗಳು ಯುನಿಕ್ಸ್‌ನ ಮೂಲ ಸಂಕೇತವನ್ನೇ ಪಠ್ಯವಾಗಿ ಓದಿಸುತ್ತಿದ್ದವು. ಆಸ್ಟ್ರೇಲಿಯದ ಜಾನ್ ಲಯನ್ಸ್ ಬರೆದ ವ್ಯಾಖ್ಯಾನ ಈ ಸಂಪ್ರದಾಯದ ಉತ್ತಮ ಫಲ. 1979ರಲ್ಲಿ ಏಳನೆಯ ಆವೃತ್ತಿಯೊಡನೆ ಎಟಿ ಅಂಡ್ ಟಿ ಸಂಸ್ಥೆಯು ತನ್ನ ಪರವಾನಗಿಯಲ್ಲಿ ಇಂಥ ಬೋಧನೆಯನ್ನು ನಿಷೇಧಿಸಿತು. ಪಾಠ ಹೇಳಲು ಪಠ್ಯವೇ ಇಲ್ಲದಂತಾದಾಗ ಟ್ಯಾನನ್‌ಬಾಮ್ ತಾವೇ ಸುಮಾರು 12,000 ಸಾಲುಗಳ ಮಿನಿಕ್ಸ್ ವ್ಯವಸ್ಥೆಯನ್ನು ರಚಿಸಿ, 1987ರಲ್ಲಿ ತಮ್ಮ ಪಠ್ಯಪುಸ್ತಕದೊಂದಿಗೆ ಹೊರತಂದರು. ಟೋರ್ವಾಲ್ಡ್ಸ್ ಕಲಿತದ್ದು ಇದೇ ಪುಸ್ತಕದಿಂದ. 1991ರಲ್ಲಿ 386 ಯಂತ್ರವನ್ನು ಕೊಂಡು, ಅದರ ಮೇಲೆ ಮಿನಿಕ್ಸ್ ಸ್ಥಾಪಿಸಿ, ಆ ನೆಲದ ಮೇಲೆಯೇ ಲಿನಕ್ಸನ್ನು ಕಟ್ಟಿದರು. ಕಡತ ವ್ಯವಸ್ಥೆಯ ವಿನ್ಯಾಸವನ್ನೂ ಮಿನಿಕ್ಸ್‌ನಿಂದಲೇ ಪಡೆದರು. ಹೀಗಾಗಿ ಇದನ್ನು ಒಂದು ಬಗೆಯ ಗುರುಶಿಷ್ಯ ವಾದವೆಂದು ಕರೆದರೆ ತಪ್ಪಾಗದು, ಇಬ್ಬರೂ ಒಂದೇ ತರಗತಿಯಲ್ಲಿ ಎಂದೂ ಕುಳಿತವರಲ್ಲದಿದ್ದರೂ.

ವಾದದ ವಿಷಯ ಕರ್ನೆಲ್. ಈ ಮಾತಿಗೆ ಕನ್ನಡದಲ್ಲಿ ತಿರುಳು ಎಂಬುದಕ್ಕಿಂತ ಒಪ್ಪುವ ಪದ ಸಿಗಲಾರದು. ಕವಿರಾಜಮಾರ್ಗಕಾರನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶಕ್ಕೆ ಬಳಸಿದ್ದೂ ಇದೇ ಪದವನ್ನು. ಲಿನಕ್ಸ್‌ನದು ಏಕಶಿಲಾ ತಿರುಳು: ಕಡತಗಳ ನಿರ್ವಹಣೆ, ಸ್ಮೃತಿಯ ಹಂಚಿಕೆ, ಯಂತ್ರಾಂಶದ ಡ್ರೈವರ್‌ಗಳು ಎಲ್ಲವೂ ಒಂದೇ ಕ್ರಮವಿಧಿಯಾಗಿ, ಸಂಪೂರ್ಣ ಅಧಿಕಾರದೊಡನೆ ನಡೆಯುತ್ತವೆ. ಮಿನಿಕ್ಸ್‌ನದು ಸೂಕ್ಷ್ಮ ತಿರುಳು. ಅಲ್ಲಿ ಕಡತ ನಿರ್ವಹಣೆ ಮೊದಲಾದವು ಬೇರೆ ಬೇರೆ ಪ್ರಕ್ರಿಯೆಗಳಾಗಿದ್ದು ಪರಸ್ಪರ ಸಂದೇಶ ಕಳುಹಿಸಿ ಕೆಲಸ ಸಾಗಿಸುತ್ತವೆ. ಮೊದಲನೆಯದರಲ್ಲಿ ಒಂದು ಡ್ರೈವರ್‌ನ ದೋಷ ಇಡೀ ಯಂತ್ರವನ್ನು ಕೆಡವಬಲ್ಲದು. ಎರಡನೆಯ ವಿಧಾನವನ್ನು ಪೂರ್ಣವಾಗಿ ಅನುಸರಿಸಿದಲ್ಲಿ ದೋಷವು ತನ್ನ ಮನೆಯಲ್ಲೇ ಉಳಿಯುತ್ತದೆ. ಆದರೆ ಪ್ರತಿಯೊಂದು ಕೋರಿಕೆಯೂ ಹಲವು ಹೊಸ್ತಿಲು ದಾಟಬೇಕಾದ್ದರಿಂದ ಕಾಲ ವ್ಯಯವಾಗುತ್ತದೆ.

ಟ್ಯಾನನ್‌ಬಾಮ್ ಅವರ ಆಕ್ಷೇಪಗಳು ಮುಖ್ಯವಾಗಿ ಎರಡು. ಏಕಶಿಲಾ ವಿನ್ಯಾಸವು 1970ರ ದಶಕಕ್ಕೆ ಹಿಂದಿರುಗಿದಂತೆ ಎಂಬುದು ಮೊದಲನೆಯದು. ಲಿನಕ್ಸ್ ಇಂಟೆಲ್ 386ಕ್ಕೆ ಅಂಟಿಕೊಂಡಿರುವುದರಿಂದ ಬೇರೆ ಯಂತ್ರಗಳಿಗೆ ಒಯ್ಯಲಾಗದು ಎಂಬುದು ಎರಡನೆಯದು. ಐದು ವರ್ಷಗಳಲ್ಲಿ ಜನರು ಸ್ಪಾರ್ಕ್‌ನಂಥ ಯಂತ್ರಗಳ ಮೇಲೆ ಗ್ನೂ ವ್ಯವಸ್ಥೆಯನ್ನು ಬಳಸುತ್ತಿರುತ್ತಾರೆಂದು ಅವರು ಭವಿಷ್ಯ ನುಡಿದರು. ಇಂಥ ವಿನ್ಯಾಸಕ್ಕೆ ತಾವು ಹೆಚ್ಚು ಅಂಕ ಕೊಡಲಾರೆವೆಂಬ ಕುಟುಕು ಮಾತನ್ನೂ ಸೇರಿಸಿದರು. ಟೋರ್ವಾಲ್ಡ್ಸ್ ಅದೇ ದಿನ ಬಿರುಸಾಗಿಯೇ ಉತ್ತರಿಸಿದರು, ಮರುದಿನ ಕ್ಷಮೆಯನ್ನೂ ಕೇಳಿದರು. ಸೂಕ್ಷ್ಮ ತಿರುಳು ತಾತ್ವಿಕವಾಗಿ ಹೆಚ್ಚು ಸೊಗಸಾದುದೆಂದು ಅವರು ಒಪ್ಪಿಕೊಂಡದ್ದನ್ನು ಜನಪ್ರಿಯ ನಿರೂಪಣೆಗಳು ಮರೆಮಾಚುತ್ತವೆ. ಅವರ ಪ್ರತಿವಾದವಿದ್ದದ್ದು ಬೇರೆಡೆ: ಮಿನಿಕ್ಸ್‌ನ ಕಡತ ವ್ಯವಸ್ಥೆ ಒಂದು ಬಾರಿಗೆ ಒಂದೇ ಕೋರಿಕೆಯನ್ನು ನಿಭಾಯಿಸುತ್ತಿತ್ತು, ಸೊಗಸಾದ ವಿನ್ಯಾಸ ಈ ಕೊರತೆಗೆ ಸಮಾಧಾನವಾಗದು. ಯುನಿಕ್ಸ್‌ನ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರೂ ಮಧ್ಯೆ ಪ್ರವೇಶಿಸಿದರು. ಏಕಶಿಲಾ ತಿರುಳನ್ನು ರಚಿಸುವುದು ಸುಲಭ, ಅದು ಬೇಗನೆ ಗೋಜಲಾಗುವುದೂ ಅಷ್ಟೇ ಸುಲಭ ಎಂಬುದು ಅವರ ಅಭಿಪ್ರಾಯ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ಅತ್ಯಂತ ಸಮತೂಕದ ಮಾತು ಇದು.

ಮುಂದಿನ ಘಟನೆಗಳು ಇಬ್ಬರಿಗೂ ಪೂರ್ಣವಾಗಿ ಒಲಿಯಲಿಲ್ಲ. 1995ರ 1.2ನೆಯ ಆವೃತ್ತಿಯ ವೇಳೆಗೆ ಲಿನಕ್ಸ್ ಆಲ್ಫಾ ಯಂತ್ರಗಳಿಗೂ ವಲಸೆ ಹೋಗಿ ಎರಡನೆಯ ಆಕ್ಷೇಪವನ್ನು ಅಳಿಸಿಹಾಕಿತು. 1990ರಲ್ಲಿ ಮ್ಯಾಕ್ ಎಂಬ ಸೂಕ್ಷ್ಮ ತಿರುಳಿನ ಮೇಲೆ ಆರಂಭವಾದ ಗ್ನೂ ಹರ್ಡ್ 2016ರಲ್ಲಿಯೂ 0.9ನೆಯ ಆವೃತ್ತಿಯಲ್ಲೇ ಇತ್ತು. ಅದೇ ಮ್ಯಾಕ್‌ನಿಂದ ಹುಟ್ಟಿದ ಆಪಲ್ ಸಂಸ್ಥೆಯ ತಿರುಳು ವೇಗಕ್ಕಾಗಿ ಬಿಎಸ್‌ಡಿ ಭಾಗವನ್ನು ಒಳಗೇ ಸೇರಿಸಿಕೊಂಡಿತು. ವಿಂಡೋಸ್ ಎನ್‌ಟಿ 1996ರಲ್ಲಿ ಚಿತ್ರಣದ ಭಾಗವನ್ನು ತಿರುಳಿನೊಳಕ್ಕೆ ಎಳೆದುಕೊಂಡಿತು. ಮತ್ತೊಂದೆಡೆ, 1993ರಲ್ಲಿ ಯೋಖೆನ್ ಲೀಟ್ಕೆ ಸಂದೇಶ ರವಾನೆಯನ್ನು ಹತ್ತು ಪಟ್ಟಿಗೂ ಮಿಗಿಲಾಗಿ ಚುರುಕುಗೊಳಿಸಬಹುದೆಂದು ತೋರಿಸಿ, ನಿಧಾನಗತಿಯು ಸೂಕ್ಷ್ಮ ತಿರುಳಿನ ಜನ್ಮದೋಷವಲ್ಲವೆಂದು ಸಿದ್ಧಪಡಿಸಿದರು. ಆ ಪರಂಪರೆಯ ಸೆಲ್4 ತಿರುಳಿನ ಶುದ್ಧತೆಯನ್ನು 2009ರಲ್ಲಿ ಗಣಿತದ ಪ್ರಮಾಣದಿಂದಲೇ ಸಾಧಿಸಲಾಯಿತು. ಲಕ್ಷಾಂತರ ಸಾಲುಗಳ ಏಕಶಿಲಾ ತಿರುಳಿಗೆ ಇಂಥ ಪ್ರಮಾಣವನ್ನು ಒದಗಿಸುವುದು ಊಹೆಗೂ ನಿಲುಕದ ಕೆಲಸ.

ಹಾಗಾದರೆ ಲಿನಕ್ಸ್ ಹರಡಿದ್ದು ಏಕೆ? 2017ರ ನವೆಂಬರ್ ವೇಳೆಗೆ ಜಗತ್ತಿನ ಅತಿ ಬಲಿಷ್ಠ 500 ಗಣಕಗಳೂ ಲಿನಕ್ಸ್ ಆಧಾರಿತವಾಗಿದ್ದವು ಎಂಬುದನ್ನು ಉಲ್ಲೇಖಿಸಿ ಏಕಶಿಲೆಯೇ ಗೆದ್ದಿತೆನ್ನುವವರು ಕಾರಣವನ್ನೂ ಫಲವನ್ನೂ ಬೆರೆಸುತ್ತಿದ್ದಾರೆ. ಉತ್ತರವು ಈ ಚರ್ಚೆಯಲ್ಲಿಯೇ, ಇಬ್ಬರೂ ಹಾದಿಬದಿಯಲ್ಲಿ ಎತ್ತಿ ಕೈಬಿಟ್ಟ ವಿಷಯದಲ್ಲಿದೆ. ಮಿನಿಕ್ಸ್‌ನ ಮೂಲ ಸಂಕೇತ ಓದಲು ದೊರೆಯುತ್ತಿತ್ತಾದರೂ ಅದಕ್ಕೆ ಬೆಲೆ ತೆರಬೇಕಿತ್ತು. ತಿದ್ದಿದ ಪೂರ್ಣ ವ್ಯವಸ್ಥೆಯನ್ನು ಹಂಚುವಂತಿರಲಿಲ್ಲ. ಬ್ರೂಸ್ ಇವಾನ್ಸ್ 386ಕ್ಕಾಗಿ ಮಾಡಿದ ಸುಧಾರಣೆಗಳನ್ನು ಪಡೆಯಬೇಕಾದವರು ಮೊದಲು ಮಿನಿಕ್ಸ್ ಕೊಂಡು, ಬಳಿಕ ತೇಪೆಗಳನ್ನು ತಾವೇ ಹಚ್ಚಿಕೊಳ್ಳಬೇಕಿತ್ತು. ಪಠ್ಯವು ವಿದ್ಯಾರ್ಥಿಯ ಅಳವಿನಲ್ಲೇ ಉಳಿಯಬೇಕೆಂಬ ಪ್ರಾಧ್ಯಾಪಕರ ಕಾಳಜಿ ನ್ಯಾಯವಾದುದೇ. ಆದರೆ ಚದುರಿರುವ ಸಾವಿರ ಮಂದಿಯನ್ನು ಒಂದೇ ತಂತ್ರಾಂಶದ ಕೆಲಸದಲ್ಲಿ ಹೊಂದಿಸಿಕೊಂಡು ಹೋಗುವುದು ಆಗದ ಮಾತೆಂಬ ಅವರ ಸಂಶಯವನ್ನು ಕಾಲ ಸುಳ್ಳಾಗಿಸಿತು. ವಾದ ನಡೆದ ವಾರದಲ್ಲೇ, 1992ರ ಫೆಬ್ರವರಿ 1ರಿಂದ, ಲಿನಕ್ಸ್ ತನ್ನ ವಾಣಿಜ್ಯ ನಿರ್ಬಂಧವನ್ನು ಬಿಟ್ಟು ಗ್ನೂ ಸಾರ್ವಜನಿಕ ಪರವಾನಗಿಯನ್ನು ಅಂಗೀಕರಿಸಿತು. ಇದಕ್ಕೆ ಕಾಲವೂ ನೆರವಾಯಿತು: ಪ್ರತಿಸ್ಪರ್ಧಿಯಾಗಬಹುದಾಗಿದ್ದ ಬಿಎಸ್‌ಡಿ 1992ರಿಂದ 1994ರವರೆಗೆ ನ್ಯಾಯಾಲಯದ ವ್ಯಾಜ್ಯದಲ್ಲಿ ಸಿಲುಕಿತ್ತು.

ಪ್ರಾಸಂಗಿಕವಾಗಿ ಒಂದು ಮಾತು. ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ಕೆಲಸ ಈ ಎರಡು ಬಗೆಯ ತಿರುಳುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ವಿಂಡೋಸ್‌ನಲ್ಲಿ ಯುನಿಸ್ಕ್ರೈಬ್, ಲಿನಕ್ಸ್‌ನಲ್ಲಿ ಪ್ಯಾಂಗೋ, ಹಾರ್ಫ್‌ಬಜ್ ಮುಂತಾದ ಮೇಲ್ಪದರಗಳು ಅದನ್ನು ಮಾಡಿದವು. ಅಲ್ಲಿಯೂ ಭಾಷಿಕರು ಕೈಹಾಕಿ ತಿದ್ದಬಹುದೇ ಎಂಬುದನ್ನು ನಿರ್ಧರಿಸಿದ್ದು ಪರವಾನಗಿಯೇ.

ಮಿನಿಕ್ಸ್ 2000ದಲ್ಲಿ ಬಿಎಸ್‌ಡಿ ಪರವಾನಗಿಯಡಿ ಮುಕ್ತವಾಯಿತು; 2005ರಲ್ಲಿ ಮೂರನೆಯ ಆವೃತ್ತಿ ಬಂತು. 2017ರಲ್ಲಿ ಸಂಶೋಧಕರು ಇಂಟೆಲ್ ಸಂಸ್ಥೆಯ ಇತ್ತೀಚಿನ ಯಂತ್ರಾಂಶದ ಒಳಗಿನ ನಿರ್ವಹಣಾ ಘಟಕದಲ್ಲಿ ಇದೇ ಮಿನಿಕ್ಸ್ ಓಡುತ್ತಿರುವುದನ್ನು ಪತ್ತೆಹಚ್ಚಿದರು. ಲಿನಕ್ಸ್ ಅಥವಾ ವಿಂಡೋಸ್ ಬಳಸುತ್ತಿದ್ದವರ ಗಣಕದ ಅಡಿಯಲ್ಲಿ ಅವರಿಗೇ ಅರಿವಿಲ್ಲದಂತೆ ಅದು ನೆಲೆಸಿತ್ತು. ಟ್ಯಾನನ್‌ಬಾಮ್ ಅವರಿಗೂ ಅದು ತಿಳಿದದ್ದು ವರದಿಗಳಿಂದ; ಕೆಲವು ವರ್ಷಗಳ ಹಿಂದೆ ಇಂಟೆಲ್‌ನ ಎಂಜಿನಿಯರುಗಳು ಅವರಲ್ಲಿ ತಾಂತ್ರಿಕ ಪ್ರಶ್ನೆಗಳನ್ನು ಕೇಳಿದ್ದುಂಟು, ಉದ್ದೇಶವನ್ನು ಹೇಳಿರಲಿಲ್ಲ. ಪರವಾನಗಿಯ ಪ್ರಕಾರ ಹೇಳಬೇಕಾದ ಬಾಧ್ಯತೆಯೂ ಇರಲಿಲ್ಲ. ತಿಳಿಸಿದ್ದರೆ ಸೌಜನ್ಯವಾಗುತ್ತಿತ್ತೆಂದು ಅವರು ಬಹಿರಂಗ ಪತ್ರದಲ್ಲಿ ಬರೆದರು.