ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ವಿಕಿರಣ ತ್ಯಾಜ್ಯ ಕಡಿಮೆಯಾದ ಬಗೆ

ಜೀವವಿಜ್ಞಾನ ಪ್ರಯೋಗಾಲಯದ ವಿಕಿರಣ ತ್ಯಾಜ್ಯವೆಂದರೆ ಬಹುಪಾಲು ಕೈಗವಸು, ಪಿಪೆಟ್ ತುದಿ, ಟಿಶ್ಯೂ ಕಾಗದ, ವಿಕಿರಣದ ಎಣಿಕೆ ಮುಗಿದ ಪುಟ್ಟ ಸೀಸೆಗಳು. ಬೆಂಗಳೂರಿನ ಸಂಶೋಧನೆಯಲ್ಲೂ ವಿಕಿರಣಶೀಲ ಗುರುತುಗಳಾಗಿ ಡಿಎನ್‌ಎಗೆ ರಂಜಕ-32, ಪ್ರೋಟೀನಿಗೆ ಗಂಧಕ-35, ಸಸ್ಯಗಳ ಅಧ್ಯಯನಕ್ಕೆ ಇಂಗಾಲ-14 ಬಳಕೆಗೆ ಬಂದವು. ರಂಜಕ-32 ಬೆರೆತ ಡಿಎನ್‌ಎ ಘಟಕಗಳನ್ನು ಹೈದರಾಬಾದಿನ ಜೊನಾಕಿ ಕೇಂದ್ರ ಪೂರೈಸುತ್ತಿತ್ತು.

ಈ ಕಸ ಎಷ್ಟು ದೊಡ್ಡ ತೊಡಕಾಗಬಲ್ಲದೆಂಬುದು ಅಮೆರಿಕದಲ್ಲಿ ಕಂಡಿತು. 1979ರಲ್ಲಿ ನೆವಾಡ, ವಾಷಿಂಗ್ಟನ್ ರಾಜ್ಯಗಳ ಹೂಳುವ ತಾಣಗಳು ಕೆಲಕಾಲ ಮುಚ್ಚಿದಾಗ ಆಸ್ಪತ್ರೆ, ವಿಶ್ವವಿದ್ಯಾಲಯಗಳ ಸೀಸೆಗಳಿಗೆ ಜಾಗವಿಲ್ಲದಾಯಿತು. ಭಾರತದಲ್ಲಿ 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, 1987ರಲ್ಲಿ ವಿಕಿರಣ ತ್ಯಾಜ್ಯ ವಿಲೇವಾರಿಯ ನಿಯಮಗಳು ಬಂದವು.

ಅತ್ಯಂತ ಸರಳ ಉಪಾಯ ಕಾಯುವುದೇ ಆಗಿತ್ತು. ರಂಜಕ-32ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ) 14.3 ದಿನ; ಹತ್ತು ಅರ್ಧಾಯುಷ್ಯ, ಅಂದರೆ ಸುಮಾರು ಐದು ತಿಂಗಳು ಕಳೆದರೆ ಸಾವಿರದಲ್ಲಿ ಒಂದು ಪಾಲು ವಿಕಿರಣವಷ್ಟೇ ಉಳಿಯುತ್ತದೆ. ಅರ್ಧಾಯುಷ್ಯ 87 ದಿನವಿರುವ ಗಂಧಕ-35ಕ್ಕೆ ಎರಡೂವರೆ ವರ್ಷ ಬೇಕು. ಇಂಗಾಲ-14ರದು 5,730 ವರ್ಷ; ಅದಕ್ಕೆ ಕಾಯುವ ಮಾತೇ ಇಲ್ಲ. ಆದ್ದರಿಂದ ಒಂದೊಂದು ಐಸೊಟೋಪಿಗೂ ಬೇರೆ ಡಬ್ಬಿ, ಅದರ ಮೇಲೆ ದಿನಾಂಕ. ರಂಜಕದ ಡಬ್ಬಿಗೆ ಇಂಗಾಲದ ಒಂದು ಸೀಸೆ ಬಿದ್ದರೂ ಇಡೀ ಡಬ್ಬಿ ದೀರ್ಘಾಯುಷಿ ತ್ಯಾಜ್ಯವಾಗುತ್ತದೆ. ಈ ಶಿಸ್ತಿಗೆ ದುಬಾರಿ ಯಂತ್ರ ಬೇಡ, ಎಚ್ಚರವಿದ್ದರೆ ಸಾಕು.

ಎಣಿಕೆಯ ವಿಧಾನವೂ ಬದಲಾಯಿತು. ವಿಕಿರಣ ಎಣಿಸಲು ಟಾಲ್ವೀನ್ ದ್ರಾವಣ ತುಂಬಿದ ಸೀಸೆಗಳು ವಿಕಿರಣದ ಜೊತೆಗೆ ಬೆಂಕಿಯ ಅಪಾಯವನ್ನೂ ತರುತ್ತಿದ್ದವು. ರಂಜಕ-32ರ ಪ್ರಬಲ ಬೀಟಾ ಕಣಗಳು ನೀರಿನಲ್ಲೇ ಚೆರೆಂಕೋವ್ ಬೆಳಕು ಬೀರುವುದರಿಂದ ಅದನ್ನು ಆ ದ್ರಾವಣವಿಲ್ಲದೆಯೇ ಎಣಿಸಬಹುದು.

ಆದರೆ ತ್ಯಾಜ್ಯವನ್ನು ನಿಜವಾಗಿ ತಗ್ಗಿಸಿದ್ದು ಹೊಸ ತಂತ್ರಗಳು. 1986ರಲ್ಲಿ ಪ್ರಕಟವಾದ ಪ್ರತಿದೀಪ್ತ ಬಣ್ಣಗಳ ವಿಧಾನ ಡಿಎನ್‌ಎ ಓದುವಿಕೆಯಿಂದ ರಂಜಕವನ್ನು ಕ್ರಮೇಣ ಹೊರಗಿಟ್ಟಿತು. ಅಯೋಡಿನ್-125 ಬಳಸುತ್ತಿದ್ದ ಹಾರ್ಮೋನ್ ಪರೀಕ್ಷೆಗಳ ಜಾಗವನ್ನು ವಿಕಿರಣ ಬೇಡದ 1971ರ ಎಲೈಸಾ, ಮುಂದೆ ಕೆಮಿಲ್ಯುಮಿನೆಸೆನ್ಸ್ ವಿಧಾನಗಳು ಹಿಡಿದವು. ಬೆಂಗಳೂರಿನ ಮೂಡಲಪಾಳ್ಯ ಅಥವಾ ವಿಜಯನಗರದ ಲ್ಯಾಬಿನಲ್ಲಿ ಥೈರಾಯ್ಡ್ ಪರೀಕ್ಷೆಗೆ ಕೊಟ್ಟ ರಕ್ತಕ್ಕೂ ಇಂದು ಸಾಮಾನ್ಯವಾಗಿ ವಿಕಿರಣದ ನಂಟಿಲ್ಲ.

ಸಸ್ಯಗಳ ಅಧ್ಯಯನಕ್ಕಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ತನ್ನ ಜಿಕೆವಿಕೆ ಆವರಣದಲ್ಲಿ ಸ್ಥಿರ ಐಸೊಟೋಪುಗಳ ರಾಷ್ಟ್ರೀಯ ಸೌಲಭ್ಯವನ್ನೇ ಕಟ್ಟಿಕೊಂಡಿತು. ಬೆಳೆ ನೀರನ್ನು ಎಷ್ಟು ಹಿತಮಿತವಾಗಿ ಬಳಸುತ್ತದೆಂದು ಅಲ್ಲಿ ಎಲೆಯೊಳಗಿನ ಇಂಗಾಲ-13ರ ಪ್ರಮಾಣದಿಂದ ಅಳೆಯುತ್ತಾರೆ. ಇಂಗಾಲ-13 ವಿಕಿರಣ ಸೂಸುವುದಿಲ್ಲ. ಅಳತೆ ಮುಗಿದ ಮೇಲೆ ವಿಕಿರಣ ತ್ಯಾಜ್ಯವೇನೂ ಉಳಿಯುವುದಿಲ್ಲ.