ಯಾರ ಆಜಾದಿ? ಶೋಯೆಬುಲ್ಲಾ ಖಾನ್ ಕೇಳಿದ ಪ್ರಶ್ನೆ

ಸೆಪ್ಟೆಂಬರ್ 17ರಂದು ಕಲಬುರಗಿ, ಬೀದರ್, ರಾಯಚೂರು ಸೀಮೆಯಲ್ಲಿ ಧ್ವಜ ಹಾರುತ್ತದೆ. 1948ರಲ್ಲಿ, ದೇಶ ಸ್ವತಂತ್ರವಾಗಿ 13 ತಿಂಗಳ ಮೇಲೆ, ಹೈದರಾಬಾದ್ ಸಂಸ್ಥಾನ ಭಾರತದ ಸೇನೆಗೆ ಶರಣಾದ ದಿನವದು. ಒಬ್ಬರು ಅದನ್ನು ವಿಮೋಚನೆ ಎನ್ನುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಅದಕ್ಕೆ 'ಪೊಲೀಸ್ ಆಕ್ಷನ್' ಎಂಬ ಹೆಸರು. ಹಿರಿಯರು ಅಷ್ಟು ಹೇಳಿ ಮಾತು ಬದಲಿಸುತ್ತಾರೆ.

ವಿಚಿತ್ರವೆಂದರೆ ಆಗ ಎರಡೂ ಕಡೆಯವರ ಬಾಯಲ್ಲಿದ್ದದ್ದು 'ಆಜಾದಿ'ಯೇ. ಬ್ರಿಟಿಷರು ಹೊರಟ ಮೇಲೆ ತಾವು ಸ್ವತಂತ್ರ ದೊರೆ ಎಂದು ನಿಜಾಮರು 1947ರ ಜೂನ್‌ನಲ್ಲೇ ಸಾರಿದ್ದರು. ಪ್ರಜೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಿಂದೂಗಳು. ಅವರಿಗೆ ಆಜಾದಿಯೆಂದರೆ ಜವಾಬ್ದಾರಿ ಸರಕಾರ. ರಾಜ್ಯದ ಒಡೆತನದಲ್ಲಿ ಪ್ರತಿಯೊಬ್ಬ ಮುಸಲ್ಮಾನನಿಗೂ ಪಾಲಿದೆ ಎಂದು ಇತ್ತೆಹಾದುಲ್ ಮುಸ್ಲಿಮೀನ್ ಪ್ರಚಾರ ಮಾಡುತ್ತಿತ್ತು. ಟಾಂಗಾ ಹೊಡೆಯುವವನಿಗೆ, ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವನಿಗೆ ಯಾವ ಒಡೆತನವಿತ್ತೋ! ಆದರೂ ಆ ಮಾತಿಗೆ ಅಮಲಿತ್ತು. ಲಾತೂರಿನ ವಕೀಲ ಖಾಸಿಂ ರಝ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಅವರು ಮಾಡಿದ ಕಗ್ಗೊಲೆಯನ್ನು ಆ ಊರು ಮರೆತಿಲ್ಲ.

ಯಾರ ಆಜಾದಿ ಎಂದು ಉರ್ದುವಿನಲ್ಲೇ ಕೇಳಿದವರು ಶೋಯೆಬುಲ್ಲಾ ಖಾನ್. ಹೈದರಾಬಾದಿನ 'ಇಮ್ರೋಜ್' ಪತ್ರಿಕೆಯ ಸಂಪಾದಕರು. ವಯಸ್ಸು ಮೂವತ್ತು ದಾಟಿರಲಿಲ್ಲ. ಸಂಸ್ಥಾನ ಭಾರತದೊಂದಿಗೆ ಸೇರಬೇಕು, ರಜಾಕಾರರನ್ನು ಹತ್ತಿಕ್ಕಬೇಕು ಎಂದು ಅವರು ಬರೆದರು. ಆಗಸ್ಟ್‌ನಲ್ಲಿ ಏಳು ಮಂದಿ ಮುಸ್ಲಿಮ್ ಗಣ್ಯರು ಅದೇ ಅರ್ಥದ ಹೇಳಿಕೆ ಕೊಟ್ಟಾಗ ಅದನ್ನೂ ಅಚ್ಚು ಹಾಕಿದರು. ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಹೊರಟವರ ಮೇಲೆ ದಾಳಿಯಾಯಿತು. ಗುಂಡು ಹೊಡೆದರು, ಬರೆಯುವ ಕೈಯನ್ನೇ ಕಡಿದರು. ಬೆಳಗಾಗುವುದರೊಳಗೆ ಅವರು ತೀರಿಕೊಂಡರು.

ಒಂದು ತಿಂಗಳೊಳಗೆ ಸೇನೆ ಬಂತು. ಕಾದಾಟ ಐದೇ ದಿನ. ಆಮೇಲಿನದು ದೀರ್ಘ. ರಜಾಕಾರರ ಪಾಪಕ್ಕೆ, ರಜಾಕಾರರನ್ನು ಕಣ್ಣಿಂದಲೂ ಕಾಣದ ಮುಸಲ್ಮಾನರು ಬೆಲೆ ತೆತ್ತರು. ಸರಕಾರವೇ ಪಂಡಿತ್ ಸುಂದರಲಾಲ್ ಮತ್ತು 'ಲೈಲಾ ಕೆ ಖುತೂತ್' ಬರೆದ ಖಾಜಿ ಅಬ್ದುಲ್ ಗಫ್ಫಾರ್ ಮೊದಲಾದವರನ್ನು ಕಳಿಸಿತು. ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅವರ ಅಂದಾಜು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು, ಗುಲ್ಬರ್ಗಾ ಮತ್ತು ಬೀದರ್. ಕೆಲವೆಡೆ ಸೈನಿಕರೂ ಪೊಲೀಸರೂ ಕೈಜೋಡಿಸಿದ್ದನ್ನು ವರದಿ ಮುಚ್ಚಿಡಲಿಲ್ಲ. ಸರಕಾರ ಮಾತ್ರ ವರದಿಯನ್ನೇ ಮುಚ್ಚಿಟ್ಟಿತು. ಸಾರ್ವಜನಿಕರ ಕೈಗೆ ಅದು ಪೂರ್ತಿಯಾಗಿ ಸಿಕ್ಕಿದ್ದು 2013ರ ಹೊತ್ತಿಗೆ. ಅಷ್ಟರಲ್ಲಿ ರಝ್ವಿ 1957ರಲ್ಲಿ ಬಿಡುಗಡೆಯಾಗಿ, ಪಾಕಿಸ್ತಾನಕ್ಕೆ ಹೋಗಿ, ಅಲ್ಲೇ ಸತ್ತು ನಾಲ್ಕು ದಶಕವಾಗಿತ್ತು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಮ್ ನೇಕಾರರಿಗೆ ಅಡ್ಡ ನಿಂತರು, ಪ್ರಾಣವನ್ನೂ ಕೊಟ್ಟರು. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಅವರ ಪ್ರಸ್ತಾಪ ಬಂದದ್ದನ್ನು ನಾನಿನ್ನೂ ಕೇಳಿಲ್ಲ. ಶೋಯೆಬುಲ್ಲಾ ಅವರದೂ ಅಷ್ಟೇ.