ದೊಡ್ಡ ಯಂತ್ರದ ಟಪಾಲು

ಶಿವಮೊಗ್ಗ ಟೌನ್ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲಿಗೆ ಮೊಬೈಲಿನಲ್ಲಿ ಸೀಟು ಕಾದಿರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಇಮೇಲ್ ಬರುತ್ತದೆ. ಪಿಎನ್‌ಆರ್, ಬೋಗಿ, ಬರ್ತ್ ಎಲ್ಲ ಅದರಲ್ಲಿರುತ್ತವೆ. ಆದರೆ ಬರ್ತ್‌ಗಳ ಲೆಕ್ಕ ಇಡುವ ವ್ಯವಸ್ಥೆ ಮಾತ್ರ ಭಾರತದ ಇಂಟರ್ನೆಟ್‌ಗಿಂತ ಹಿರಿಯದು. 1980ರ ದಶಕದ ಮಧ್ಯದಲ್ಲಿ ದೆಹಲಿಯಲ್ಲಿ ಶುರುವಾದ ಅದು ಐದು ಕೇಂದ್ರಗಳಿಗೆ ಹಬ್ಬಿ, 1999ರಲ್ಲಿ ಒಂದೇ ಜಾಲವಾಯಿತು. ದಶಕಗಳ ಕಾಲ ಓಪನ್‌ವಿಎಂಎಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಮೇಲೆಯೇ ನಡೆಯಿತು. 2002ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿ ಜಾಲತಾಣ ತೆರೆದಾಗ ಆ ಹಳೆಯ ವ್ಯವಸ್ಥೆಯನ್ನು ಯಾರೂ ಎತ್ತಿ ಎಸೆಯಲಿಲ್ಲ. ಹೊಸ ಜಾಲಕ್ಕೂ ಅದಕ್ಕೂ ನಡುವೆ ಒಂದು ಸಂಪರ್ಕ ಕಟ್ಟಿದರು, ಅಷ್ಟೆ. ಕಂಪ್ಯೂಟರ್ ಲೋಕದಲ್ಲಿ ಇಂಥ ಕೊಂಡಿಗೆ ಗೇಟ್‌ವೇ ಎನ್ನುತ್ತಾರೆ. ಇಮೇಲ್‌ನ ಇತಿಹಾಸದ ಒಂದು ದೊಡ್ಡ ಪಾಲು ಈ ಗೇಟ್‌ವೇಗಳ ಇತಿಹಾಸವೇ.

ಒಂದು ಕಡೆಯ ಸಂಕೇತವನ್ನು ಬದಲಾಯಿಸಿ ಇನ್ನೊಂದು ಕಡೆಗೆ ದಾಟಿಸುವ ಈ ಕೆಲಸ ತಂತಿ ಕಚೇರಿಯಲ್ಲೂ ನಡೆಯುತ್ತಿತ್ತು. ಮದುವೆಗೆ, ಹಬ್ಬಕ್ಕೆ ಕಳಿಸುವ ಶುಭಾಶಯದ ವಾಕ್ಯಗಳಿಗೆ ಒಂದೊಂದು ಸಂಖ್ಯೆ ಗೊತ್ತುಮಾಡಿದ್ದರು. ತಂತಿಯಲ್ಲಿ ಸಂಖ್ಯೆ ಹೋಗುತ್ತಿತ್ತು, ಆ ತುದಿಯಲ್ಲಿ ಕುಳಿತವರು ಪಟ್ಟಿ ನೋಡಿ ಪೂರ್ತಿ ವಾಕ್ಯ ಬರೆದು ಕೊಡುತ್ತಿದ್ದರು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತು. ಪಟ್ಟಿ ನೋಡಿ ಬದಲಾಯಿಸಿ ಮುಂದಕ್ಕೆ ದಾಟಿಸುವ ಕೆಲಸ ಮಾತ್ರ ಅಷ್ಟರಲ್ಲಾಗಲೇ ಯಂತ್ರಗಳ ಕೈ ಸೇರಿತ್ತು.

ಯಂತ್ರಗಳ ನಡುವೆ ಅಕ್ಷರ ಸಂಕೇತಗಳ ಜಗಳ ಶುರುವಾದದ್ದು 1960ರ ದಶಕದಲ್ಲಿ. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಎಂಬ ಮೇನ್‌ಫ್ರೇಮ್, ಅಂದರೆ ದೊಡ್ಡ ಯಂತ್ರಗಳ, ಸರಣಿಯನ್ನು ಪ್ರಕಟಿಸಿತು. ಅಕ್ಷರಗಳಿಗೆ ಸಂಖ್ಯೆ ಕೊಡಲು ಅದು ಬಳಸಿದ್ದು ಎಬ್ಸಿಡಿಕ್ ಎಂಬ ತನ್ನದೇ ಪದ್ಧತಿ. ಹಿಂದಿನ ವರ್ಷವಷ್ಟೇ ಆಸ್ಕಿ ಎಂಬ ಬೇರೊಂದು ಪದ್ಧತಿ ಅಮೆರಿಕದ ಮಾನಕವಾಗಿತ್ತು. ಇಂಗ್ಲಿಷಿನ ದೊಡ್ಡ 'ಎ' ಅಕ್ಷರ ಆಸ್ಕಿಯಲ್ಲಿ 65, ಎಬ್ಸಿಡಿಕ್‌ನಲ್ಲಿ 193. ಎಬ್ಸಿಡಿಕ್‌ನಲ್ಲಿ 'ಐ' 201 ಆದರೆ ಮುಂದಿನ 'ಜೆ' 202 ಅಲ್ಲ, 209. ನಡುವೆ ಖಾಲಿ ಜಾಗ ಬಿಟ್ಟಿದ್ದಾರೆ. ಪಂಚ್ ಕಾರ್ಡಿನ ಕಾಲದಿಂದ ಬಂದ ಬಳುವಳಿ ಅದು. ಇನ್ನು ಆಯಾ ದೇಶದ ಆವೃತ್ತಿಯಲ್ಲಿ ಕೆಲವು ಚಿಹ್ನೆಗಳ ಜಾಗವೇ ಬೇರೆ. ಇಮೇಲ್ ವಿಳಾಸಕ್ಕೆ ಜೀವಾಳವಾದ '@' ಚಿಹ್ನೆಗೆ ಅಮೆರಿಕದ ಆವೃತ್ತಿಯಲ್ಲಿ ಇದ್ದ ಸ್ಥಾನದಲ್ಲಿ ಜರ್ಮನಿಯ ಆವೃತ್ತಿ ಕಲಮಿನ ಗುರುತನ್ನು ಕೂರಿಸಿತ್ತು.

1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ '@' ಚಿಹ್ನೆಯನ್ನು ಹಿಡಿದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿದರು. 1981ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ಮತ್ತು ಯೇಲ್ ನಡುವೆ ಬಿಟ್‌ನೆಟ್ ಶುರುವಾಯಿತು. ಅದು ಮುಖ್ಯವಾಗಿ ಐಬಿಎಂ ದೊಡ್ಡ ಯಂತ್ರಗಳ ಜಾಲ. ಇಂಟರ್ನೆಟ್ ಕಡೆಯವರು 1982ರಲ್ಲಿ ಪತ್ರ ಸಾಗಿಸಲು ಎಸ್‌ಎಂಟಿಪಿ ಎಂಬ ನಿಯಮಾವಳಿ ಬರೆದುಕೊಂಡರು. ಎರಡೂ ಕಡೆ ಪ್ರೊಫೆಸರುಗಳಿದ್ದರು, ಅವರಿಗೆ ಪರಸ್ಪರ ಪತ್ರ ಬರೆಯಬೇಕಿತ್ತು. ಆಗ ವಿಳಾಸ ಬರೆಯುವುದೇ ಒಂದು ಕಸರತ್ತು: ಮೊದಲು ವ್ಯಕ್ತಿಯ ಹೆಸರು, ಬಳಿಕ ಶೇಕಡಾ ಚಿಹ್ನೆ, ಬಿಟ್‌ನೆಟ್ ಯಂತ್ರದ ಹೆಸರು, ಆಮೇಲೆ '@', ಕೊನೆಗೆ ನಡುವೆ ನಿಂತ ಗೇಟ್‌ವೇ ಯಂತ್ರದ ಹೆಸರು. ದಾರಿಯನ್ನೆಲ್ಲ ಲಕೋಟೆಯ ಮೇಲೆ ಕಳಿಸುವವನೇ ಬರೆದುಕೊಡಬೇಕಿತ್ತು.

ಕಂಪನಿಗಳ ಪಾಡು ಇನ್ನೂ ಪೇಚಿನದು. ಒಂದು ಸಂಸ್ಥೆ ಇನ್ನೊಂದನ್ನು ಸೇರಿಸಿಕೊಂಡರೆ ಎರಡು ಬಗೆಯ ಕಡತ, ಎರಡು ಬಗೆಯ ಟಪಾಲು ಕೂಡಬೇಕಾಗುತ್ತದೆ. ಭದ್ರಾವತಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ 1989ರಲ್ಲಿ ಸರ್ಕಾರಿ ಉಕ್ಕು ಕಂಪನಿ ಸೈಲ್‌ನ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಅಮೆರಿಕದಲ್ಲಿ ಇಂಥ ಕೂಡಿಕೆಯನ್ನೇ ನಂಬಿ ಒಂದು ಉದ್ಯಮ ಬೆಳೆಯಿತು. ಪೆನ್ಸಿಲ್ವೇನಿಯಾದ ಸಾಫ್ಟ್-ಸ್ವಿಚ್ ಕಂಪನಿ ಮಾರುತ್ತಿದ್ದದ್ದು ಗೇಟ್‌ವೇಗಳನ್ನೇ: ಮೇನ್‌ಫ್ರೇಮಿನ ಟಪಾಲು ತಂತ್ರಾಂಶ ಪ್ರಾಫ್ಸ್ ಒಂದು ಕಡೆ, ಪಿಸಿ ಜಾಲದ ಸಿಸಿ:ಮೇಲ್ ಇನ್ನೊಂದು ಕಡೆ. 1994ರಲ್ಲಿ ತಂತ್ರಾಂಶ ಕಂಪನಿ ಲೋಟಸ್ ಸಾಫ್ಟ್-ಸ್ವಿಚ್ಚನ್ನು ಕೊಂಡುಕೊಂಡಿತು.

ಗೇಟ್‌ವೇ ಕೂರಿಸಿ ಚಾಲೂ ಮಾಡುವ ಕೆಲಸ ಹೇಗಿರುತ್ತಿತ್ತು? ತಂತ್ರಾಂಶದ ಟೇಪು ಏರಿಸುವುದು ಅದರಲ್ಲಿ ಸುಲಭದ ಭಾಗ. ತಲೆನೋವು ಇದ್ದದ್ದು ಹೆಸರುಗಳ ಪಟ್ಟಿಯಲ್ಲಿ. ಮೇನ್‌ಫ್ರೇಮಿನಲ್ಲಿ ಬಳಕೆದಾರನ ಹೆಸರಿಗೆ ಎಂಟು ಅಕ್ಷರಕ್ಕಿಂತ ಹೆಚ್ಚು ಜಾಗವಿಲ್ಲ, ಜಾಲದ ಕಡೆ ಪೂರ್ತಿ ಹೆಸರು. ಯಾರು ಯಾರೆಂದು ಸಾಲು ಸಾಲಾಗಿ ಹೊಂದಿಸಬೇಕು. ಕಾರ್ಡಿನ ಕಾಲದ ನೆನಪಿಗೆ ಸಾಲಿಗೆ 80 ಅಕ್ಷರ. ಮೀರಿದರೆ ಬಾಲ ಕತ್ತರಿಸಿ ಹೋಗಬಹುದು. ಪಟ್ಟಿ ಸಿದ್ಧವಾದ ಮೇಲೆ ಆಪರೇಟರ್ ಕನ್ಸೋಲಿನಲ್ಲಿ ಸ್ಟಾರ್ಟ್ ಆಜ್ಞೆ ಕೊಡುತ್ತಾನೆ. ಎಸ್‌ಎಂಟಿಪಿಯ ಪ್ರಕಾರ ಎದುರಿನ ಯಂತ್ರ 220 ಎಂದರೆ ಬಾಗಿಲು ತೆರೆದಿದೆ. ವಿಳಾಸ ಕೊಟ್ಟಾಗ 250 ಬಂದರೆ ಒಪ್ಪಿಗೆ, 354 ಎಂದರೆ ಪತ್ರದ ಒಡಲು ಕಳಿಸು ಎಂದರ್ಥ, 550 ಬಂದರೆ ಅಂಥ ಹೆಸರಿನವರು ಇಲ್ಲಿಲ್ಲ. ಇಷ್ಟೆಲ್ಲ ಆದ ಮೇಲೂ 'ಪೋಸ್ಟ್‌ಮಾಸ್ಟರ್' ಎಂಬ ವಿಳಾಸ ಇರಲೇಬೇಕೆಂದು ನಿಯಮವೇ ಇದೆ. ದಾರಿ ತಪ್ಪಿದ ಪತ್ರಗಳ ದೂರು ಅಲ್ಲಿಗೆ ಹೋಗಬೇಕು, ಅದನ್ನು ಮನುಷ್ಯರೇ ಓದಬೇಕು. ಎಷ್ಟು ಕಡೆ ಓದುತ್ತಾರೆ ಎಂಬುದು ಬೇರೆ ಮಾತು.

ಹೊರಹೋಗುವ ಪತ್ರದ ವಿಚಾರದಲ್ಲಿ ಮೇನ್‌ಫ್ರೇಮಿನವರು ಒಂದು ಜಾಣತನ ಮಾಡಿದರು. ಸಂಬಳದ ಲೆಕ್ಕ ಹಾಕುವ ಹಳೆಯ ಪ್ರೋಗ್ರಾಂಗೆ ಇಮೇಲ್ ಗೊತ್ತಿಲ್ಲ, ಪ್ರಿಂಟರ್ ಗೊತ್ತು. ಅದು ಎಂದಿನಂತೆ ಮುದ್ರಣದ ಸರದಿಗೆ ಕಾಗದ ಹಾಕುತ್ತದೆ, ಗೇಟ್‌ವೇ ಆ ಸರದಿಯಿಂದ ಎತ್ತಿಕೊಂಡು ಪತ್ರವಾಗಿ ರವಾನಿಸುತ್ತದೆ. ನಮ್ಮ ಅಂಚೆ ಇಲಾಖೆ 2004ರಲ್ಲಿ ಆರಂಭಿಸಿದ ಇ-ಪೋಸ್ಟ್ ಇದರ ತಿರುವುಮುರುವು: ಇಮೇಲಾಗಿ ಹೋದ ಸಂದೇಶವನ್ನು ಆ ತುದಿಯಲ್ಲಿ ಮುದ್ರಿಸಿ ಪೋಸ್ಟ್‌ಮನ್ ಮನೆಗೆ ತಲುಪಿಸುತ್ತಿದ್ದ.

ಭಾರತದ ಕಥೆಗೆ ಬೇರೆಯೇ ತಿರುವಿತ್ತು. 1978ರಲ್ಲಿ ಐಬಿಎಂ ದೇಶ ಬಿಟ್ಟಿತು. ಅದರ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರಿ ಕಂಪನಿ ಸಿಎಂಸಿಯ ಮೇಲೆ ಬಿತ್ತು. 1986ರಲ್ಲಿ ಶಿಕ್ಷಣ-ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಎರ್ನೆಟ್ ಯೋಜನೆ ಆರಂಭವಾದಾಗ ಪಾಲುಗೊಂಡ ಎಂಟು ಸಂಸ್ಥೆಗಳಲ್ಲಿ ಕರ್ನಾಟಕದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಂದೇ. ಮೊದಮೊದಲು ಫೋನ್ ಲೈನಿನಲ್ಲಿ ಡಯಲ್ ಮಾಡಿ ಪತ್ರಗಳ ಕಂತೆಯನ್ನು ಒಮ್ಮೆಗೇ ದಾಟಿಸುತ್ತಿದ್ದರು. ವಿದೇಶಕ್ಕೆ ಗೇಟ್‌ವೇ ಮುಂಬೈಯ ಎನ್‌ಸಿಎಸ್‌ಟಿ.

ಶಿವಮೊಗ್ಗಕ್ಕೆ ಜಾಲ ಬಂದದ್ದು ವಿಜ್ಞಾನಿಗಳ ದಾರಿಯಲ್ಲಲ್ಲ, ಸರ್ಕಾರಿ ದಾರಿಯಲ್ಲಿ. 1980ರ ದಶಕದ ಕೊನೆಗೆ ಸರ್ಕಾರದ ಗಣಕ ಸಂಸ್ಥೆ ಎನ್‌ಐಸಿ ತನ್ನ ನಿಕ್‌ನೆಟ್ ಜಾಲದ ಮೂಲಕ ಉಪಗ್ರಹ ಬಳಸಿ ಜಿಲ್ಲಾ ಕೇಂದ್ರಗಳನ್ನು ರಾಜಧಾನಿಗಳಿಗೆ ಜೋಡಿಸುತ್ತ ಹೋಯಿತು. ಆಗಿನ ಜಿಲ್ಲಾ ಕಚೇರಿಗಳಲ್ಲಿ ಆವಕ-ಜಾವಕ ರಿಜಿಸ್ಟರಿನದೇ ರಾಜ್ಯಭಾರ. ಪರದೆಯ ಮೇಲೆ ಬಂದ ಸಂದೇಶ ಕೂಡ ಕಾಗದಕ್ಕೆ ಇಳಿದು, ನಂಬರು ಹಾಕಿಸಿಕೊಂಡ ಮೇಲೇ ಕಡತ ಎನ್ನಿಸಿಕೊಳ್ಳುತ್ತಿತ್ತು. ಮನೆ, ಅಂಗಡಿ, ಕಾಲೇಜುಗಳ ಸರದಿ ತಡವಾಗಿ ಬಂತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮಹಾನಗರಗಳಲ್ಲಿ ಸಾರ್ವಜನಿಕ ಇಂಟರ್ನೆಟ್ ಕೊಟ್ಟಿತು. ಜಿಲ್ಲೆಯ ಊರುಗಳಿಗೆ ಅದನ್ನು ತಂದದ್ದು ದೂರಸಂಪರ್ಕ ಇಲಾಖೆಯ, ಬಳಿಕ ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್.

ಕನ್ನಡದ ಪತ್ರ ಈ ಕೊಳವೆಯಲ್ಲಿ ಹೋದದ್ದು ಎಲ್ಲಕ್ಕಿಂತ ಕೊನೆಗೆ. ಹಳೆಯ ಎಸ್‌ಎಂಟಿಪಿ ಅಕ್ಷರಕ್ಕೆ ಏಳು ಬಿಟ್ ಮಾತ್ರ ಬಿಡುತ್ತಿತ್ತು, ಅಂದರೆ 128 ಚಿಹ್ನೆ, ಇಂಗ್ಲಿಷಿಗೆ ಸಾಕು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಬೆರಳಚ್ಚಿನ ಕಷ್ಟ ನೀಗಿತು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಪತ್ರ ಪಡೆದವರ ಬಳಿ ಅದೇ ಫಾಂಟ್ ಇಲ್ಲದಿದ್ದರೆ ಕಾಣುತ್ತಿದ್ದದ್ದು ಕೊಂಬು-ಬಾಲದ ರೋಮನ್ ಅಕ್ಷರಗಳ ಗೊಂದಲ.

ಬಿಡುಗಡೆ ಸಿಕ್ಕಿದ್ದು ಎರಡು ಕಡೆಯಿಂದ. ಎರಡೂ ಅಷ್ಟರಲ್ಲಾಗಲೇ ಸಿದ್ಧವಾಗಿದ್ದವು, ಕನ್ನಡದ ಬಳಕೆಗೆ ಬಂದದ್ದು ತಡವಾಗಿ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. 1992ರ ಮೈಮ್ ನಿಯಮಾವಳಿ ಯಾವ ವಿಷಯವನ್ನಾದರೂ 64 ಸಾದಾ ಚಿಹ್ನೆಗಳಲ್ಲಿ ಮಡಿಚಿ ಕಳಿಸುವ ಬೇಸ್64 ವಿಧಾನ ಕೊಟ್ಟಿತು. 'ಕ' ಅಕ್ಷರ ಹಾಗೆ ಹೋಗುವಾಗ ನಾಲ್ಕರ ಅಂಕೆ, ಎಲ್, ಕೆ, ವಿ ಆಗುತ್ತದೆ. 'ಶಿವಮೊಗ್ಗ' ಬರೆಯಲು ಎಂಟು ಸಂಕೇತ, ಬೇಸ್64ರಲ್ಲಿ 32 ಚಿಹ್ನೆ, 'ಭದ್ರಾವತಿ'ಗೂ ಅಷ್ಟೇ. ಆ 64 ಚಿಹ್ನೆಗಳನ್ನು ಆಯ್ದವರು ಎಬ್ಸಿಡಿಕ್‌ನ ಎಲ್ಲ ಆವೃತ್ತಿಗಳಲ್ಲೂ ಜಾಗ ಬದಲಿಸದಂಥವನ್ನೇ ಹುಡುಕಿ ಆಯ್ದರು. ಮೇನ್‌ಫ್ರೇಮ್ ಗೇಟ್‌ವೇ ದಾಟುವಾಗ ಪತ್ರ ಕೆಡಬಾರದೆಂಬ ಎಚ್ಚರಿಕೆ ಅದು. ಇವತ್ತು ಜಿಮೇಲ್‌ನಲ್ಲಿ ಬಂದ ಕನ್ನಡ ಪತ್ರದ ಮೂಲವನ್ನು ತೆರೆದರೂ ಸಾಮಾನ್ಯವಾಗಿ ಕಾಣುವುದು ಅದೇ ಚಿಹ್ನೆಗಳು. ಮೇನ್‌ಫ್ರೇಮನ್ನು ಕಣ್ಣಲ್ಲೇ ನೋಡದ ಊರಿನ ಕನ್ನಡವೂ ಅದರ ಹಂಗಿನಲ್ಲೇ ಪ್ರಯಾಣ ಮಾಡುತ್ತಿದೆ.

ಮೇನ್‌ಫ್ರೇಮ್ ತಾನು ಮಾತ್ರ ಟಪಾಲಿನಿಂದ ಅರ್ಧ ನಿವೃತ್ತಿ ಪಡೆದಿದೆ. 2017ರ ಜ಼ಡ್/ಓಎಸ್ 2.3 ಆವೃತ್ತಿಯಲ್ಲಿ ಐಬಿಎಂ ಹಳೆಯ ಎಸ್‌ಎಂಟಿಪಿ ಸರ್ವರನ್ನು ತೆಗೆದುಹಾಕಿತು. ಉಳಿದ ಸಿಎಸ್‌ಎಸ್‌ಎಂಟಿಪಿ ಪತ್ರ ಕಳಿಸುತ್ತದೆ, ಸ್ವೀಕರಿಸುವುದಿಲ್ಲ.

ಈಗಿನ ಗೋಡೆ ವಿಳಾಸದ್ದು. '@' ಚಿಹ್ನೆಯ ಎರಡೂ ಬದಿಗೆ ಕನ್ನಡವೇ ಇರುವ ವಿಳಾಸಕ್ಕೆ 2012ರ ಮಾನಕ ಒಪ್ಪಿಗೆ ಕೊಟ್ಟಿದೆ, '.ಭಾರತ' ಎಂಬ ಕನ್ನಡದ ಡೊಮೈನ್ ಕೂಡ ಇದೆ. ಆದರೆ ದಾರಿಯಲ್ಲಿರುವ ಸರ್ವರುಗಳು ಎಸ್‌ಎಂಟಿಪಿಯುಟಿಎಫ್8 ಎಂಬ ಸೌಲಭ್ಯಕ್ಕೆ ಒಪ್ಪಿಕೊಳ್ಳದಿದ್ದರೆ ಪತ್ರ ಹಿಂದಕ್ಕೆ ಬರುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಾಗಲಿ, ಶಿವಮೊಗ್ಗ-ಭದ್ರಾವತಿಯ ಕಾಲೇಜು, ಪಾಲಿಕೆ, ನಗರಸಭೆಗಳಾಗಲಿ ಮುಂದೆ ಮೇಲ್ ಸೇವೆಗೆ ಟೆಂಡರ್ ಕರೆಯುವಾಗ ಈ ಸೌಲಭ್ಯವನ್ನು ಷರತ್ತಾಗಿ ಸೇರಿಸಲಿ, ಮೊದಲ ಪರೀಕ್ಷೆಯ ಪತ್ರವನ್ನು ಕನ್ನಡ ವಿಳಾಸದಿಂದಲೇ ಕಳಿಸಲಿ.